ಗಂಟಜ್ಜನ ಅರೆಗೂಡು

ಒಂದು ಕಾಡಿನಲ್ಲಿ ಒಂದು ಕಾಲೇಜಿತ್ತು. ಅಲ್ಲಿ ಹಕ್ಕಿಗಳಿಗೆ ಗೂಡು ಕಟ್ಟುವ ವಿದ್ಯೆ ಹೇಳಿಕೊಡುತ್ತಿದ್ದರು. ದೊಡ್ಡ ಆಲದ ಮರದ ಕೊಂಬೆಗಳೇ ತರಗತಿಗಳು. ಮೂರು ವರ್ಷ ಓದಿದ ಹಕ್ಕಿಗೆ ಒಂದು ಅರಳಿ ಎಲೆ ಸಿಗುತ್ತಿತ್ತು. ಎಲೆಯ ಮೇಲೆ ‘ಇವರು ಗೂಡು ಬಲ್ಲವರು’ ಎಂದು ಬರೆದಿರುತ್ತಿತ್ತು.

ಕಾಲೇಜಿನ ಪ್ರಾಂಶುಪಾಲ ಒಂದು ಗಂಡು ಕೋಗಿಲೆ. ಹೆಸರು ಪಂಚಮಾಚಾರ್ಯ. ಕಂಠವೆಂದರೆ ಜೇನು. ಅವನು ಗೂಡಿನ ಬಗ್ಗೆ ಮಾತಾಡಿದರೆ ಕೇಳಿದವರಿಗೆ ಗೂಡೇ ಕಣ್ಣಮುಂದೆ ಬರುತ್ತಿತ್ತು. ಆದರೆ ಅವನು ಹುಟ್ಟಿದಾಗಿನಿಂದ ಒಂದು ಕಡ್ಡಿಯನ್ನೂ ಎತ್ತಿದವನಲ್ಲ. ‘ನೀವು ಕಟ್ಟಿದ ಗೂಡು ಎಲ್ಲಿದೆ?’ ಎಂದು ಅವನನ್ನು ಯಾರೂ ಕೇಳಲಿಲ್ಲ. ಸಿಹಿ ಮಾತಿನವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಬೇಕು.

ಎರಡು ವರ್ಷದ ಹಿಂದೆ ಪಂಚಮಾಚಾರ್ಯ ಕಾಗೆಗಳಿಗೂ ಕಾಲೇಜಿನ ಬಾಗಿಲು ತೆರೆದಿದ್ದ. ಕಾಗೆಗಳ ಕಣ್ಣಲ್ಲಿ ನೀರು ಬಂತು. ಯಾರೂ ಹತ್ತಿರ ಸೇರಿಸದ ನಮ್ಮನ್ನು ಸೇರಿಸಿಕೊಂಡ ಪುಣ್ಯಾತ್ಮ ಎಂದು ದಿನಾ ಅವನಿಗೆ ಮಾಗಿದ ಹಣ್ಣು ತಂದುಕೊಟ್ಟವು. ಹನ್ನೆರಡು ಮರಿಕಾಗೆಗಳು ಓದಲು ಸೇರಿದವು. ಅವುಗಳಲ್ಲಿ ಒಬ್ಬಳು ಕಾಡಿಗಿ.

ಕಾಡಿಗಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಪ್ರಶ್ನೆ ಕೇಳುತ್ತಿದ್ದಳು.

“ಗಂಟು ಎಂದರೇನು?” ಎಂದು ಪಂಚಮಾಚಾರ್ಯ ರಾಗವಾಗಿ ಕೇಳುತ್ತಿದ್ದ.

“ಬಿಚ್ಚಿಕೊಳ್ಳದೆ ಇರುವುದೇ ಗಂಟು, ಸಾರ್!” ಎಂದು ಕಾಗೆಗಳೆಲ್ಲ ಒಟ್ಟಿಗೆ ಕೂಗುತ್ತಿದ್ದವು.

“ಭೇಷ್! ಗಂಟಿನಲ್ಲಿ ಎಷ್ಟು ವಿಧ?”

“ಏಳು ವಿಧ, ಸಾರ್!”

“ಸಾರ್, ಒಂದು ಹಾಕಿ ತೋರಿಸ್ತೀರಾ?” ಎಂದಳು ಕಾಡಿಗಿ ಒಂದು ದಿನ.

ಪಂಚಮಾಚಾರ್ಯನ ಕೆಂಪು ಕಣ್ಣು ಇನ್ನಷ್ಟು ಕೆಂಪಾಯಿತು. “ಹಾಕೋದು ಕೂಲಿಯವರ ಕೆಲಸ ಕಣಮ್ಮಾ. ನೀವು ಓದಿದವರು. ಕೂತ್ಕೋ.”

ಆ ಮಧ್ಯಾಹ್ನ ಕಾಡಿಗಿ ಹಳ್ಳಕ್ಕೆ ನೀರು ಕುಡಿಯಲು ಹೋದಳು. ಹಳ್ಳದ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗದ ಗೂಡುಗಳು ತೂಗುತ್ತಿದ್ದವು. ಒಬ್ಬ ಮುದಿ ಗೀಜಗ ಅರ್ಧ ಕಟ್ಟಿದ ತನ್ನದೇ ಗೂಡನ್ನು ಕಿತ್ತು ನೀರಿಗೆ ಎಸೆಯುತ್ತಿದ್ದ. ಅವನನ್ನು ಎಲ್ಲರೂ ಗಂಟಜ್ಜ ಎನ್ನುತ್ತಿದ್ದರು.

“ಯಾಕಜ್ಜ? ಚೆನ್ನಾಗೇ ಇತ್ತಲ್ಲ!”

“ನಿನಗೆ ಚೆನ್ನ. ನಮ್ಮ ಹೆಂಗಸರು ಬಂದು ಜಗ್ಗಿ ನೋಡಿದರು. ಒಂದು ಗಂಟು ಸಡಿಲ ಅಂದರು. ಗೀಜಗರ ಪದ್ಧತಿ ಇದು. ಗೂಡು ಅರ್ಧ ಆದಾಗ ನಿಲ್ಲಿಸಬೇಕು. ಊರಿನಲ್ಲೇ ಕೆಟ್ಟ ಬಾಯಿಯವರನ್ನು ಕರೆದು ಜಗ್ಗಿಸಬೇಕು. ತಡೆದರೆ ಪೂರ್ತಿ ಕಟ್ಟು. ಇಲ್ಲದಿದ್ದರೆ ಕಿತ್ತುಹಾಕು.”

“ಅಳು ಬರಲ್ವಾ?”

“ಮೊದಮೊದಲು ಬರ್ತಿತ್ತು. ಈಗ ಬೈಗುಳ ಬರುತ್ತೆ.”

ಕಾಡಿಗಿ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, “ನನಗೂ ಕಲಿಸ್ತೀಯಾ?”

ಗಂಟಜ್ಜ ಅವಳ ಕೊಕ್ಕು ನೋಡಿದ. “ಒನಕೆ ಇದ್ದಂಗಿದೆ. ಇರಲಿ. ಈ ಮುಂಗಾರೇ ನನ್ನ ಕೊನೇದು, ಕೊಕ್ಕು ಸವೆದಿದೆ. ಕಲಿಯೋದಾದರೆ ನಾಳೆಯಿಂದ ಬಾ. ಬೆಳಗ್ಗೆಯೇ ಬರಬೇಕು. ಇಬ್ಬನಿ ಇರುವಾಗ ಮಾತ್ರ ಈಚಲು ಎಳೆ ಮೆತ್ತಗಿರುತ್ತೆ. ಬಿಸಿಲೇರಿದರೆ ಮುರಿಯುತ್ತೆ.”

ಕಾಡಿಗಿಗೆ ದಿಕ್ಕು ತೋಚಲಿಲ್ಲ. ಮೊಟ್ಟೆಯಿಡುವ ಕಾಲ ಬಂದಿತ್ತು. ಆ ಎರಡು ತಿಂಗಳು ಬೆಳಗಿನ ಹಾಜರಿ ಕಡ್ಡಾಯ ಎಂದು ಪಂಚಮಾಚಾರ್ಯ ಹೊಸ ನಿಯಮ ಮಾಡಿದ್ದ. ಗೂಡಿನಲ್ಲಿ ಮೊಟ್ಟೆಯಿದ್ದರೂ ಬಿಟ್ಟು ಬರಬೇಕು. ತಪ್ಪಿಸಿದವರಿಗೆ ಅರಳಿ ಎಲೆ ಇಲ್ಲ, ಮತ್ತೆ ಸೇರಿಸಿಕೊಳ್ಳುವುದೂ ಇಲ್ಲ.

ಅವಳು ಗೂಬೆ ಮೇಷ್ಟ್ರ ಹತ್ತಿರ ಹೋದಳು. ಕಾಗೆಗೂ ಗೂಬೆಗೂ ಆಗದು ಎನ್ನುತ್ತಾರೆ. ಇವರಿಬ್ಬರಿಗೆ ಆಗುತ್ತಿತ್ತು. ಕಾಲೇಜಿನಲ್ಲಿ ಗಾಳಿ ಮಳೆಯ ಪಾಠ ಹೇಳುತ್ತಿದ್ದ ಅವರೊಬ್ಬರೇ ತಾವು ಕಂಡದ್ದನ್ನು ಹೇಳುತ್ತಿದ್ದರು. ಹಗಲು ತೂಕಡಿಸುತ್ತಾರೆಂದು ಅವರ ತರಗತಿಗೆ ಯಾರೂ ಬರುತ್ತಿರಲಿಲ್ಲ.

“ಮೇಷ್ಟ್ರೇ, ಎಲೆಯೋ ಗಂಟೋ?”

ಗೂಬೆ ಮೇಷ್ಟ್ರು ಒಂದು ಕಣ್ಣು ತೆರೆದರು. “ಗಾಳಿ ಬಂದಾಗ ನಿನ್ನ ಎಲೆ ಓದುತ್ತಾ ನಿಲ್ಲುವುದಿಲ್ಲ ಮಗಳೇ. ಬೆಳಗ್ಗೆ ಗಂಟು ಕಲಿ. ಸಂಜೆ ನನ್ನ ಕೊಂಬೆಗೆ ಬಾ, ಉಳಿದ ಪಾಠ ಹೇಳುತ್ತೇನೆ. ಹಾಜರಿ ಗೀಜರಿ ನನಗೆ ಕಾಣಿಸುವುದಿಲ್ಲ.”

ಇನ್ನು ಅವ್ವನಿಗೆ ಹೇಳಬೇಕಿತ್ತು. ಅವಳ ಅವ್ವ ಬೂದವ್ವ ಕೇಳಿದ್ದೇ ರೆಕ್ಕೆ ಬಡಿದಳು.

“ಇನ್ನೊಂದೇ ವರ್ಷ ಕಣೇ! ನನ್ನ ಮಗಳು ಎಲೆ ತರ್ತಾಳೆ ಅಂತ ಕಾಡಿಗೆಲ್ಲ ಸಾರಿ ಬಂದಿದೀನಿ. ಈಗ ಆ ಗೀಜಗನ ಹತ್ತಿರ ಹುಲ್ಲು ಎಳೆಯೋಕೆ ಹೋಗ್ತೀಯಾ?”

“ಅವ್ವಾ, ನೀನು ಎಷ್ಟು ಗೂಡು ಕಟ್ಟಿದೆ?”

“ಆರು.”

“ಮಳೆಗೆ ಎಷ್ಟು ಉಳಿದವು?”

ಬೂದವ್ವ ಮುಖ ತಿರುಗಿಸಿದಳು. “ಎರಡು,” ಎಂದಳು. ಕೊಕ್ಕಿನಿಂದ ಮಗಳ ಕತ್ತಿನ ಗರಿ ನೀವಿದಳು. “ಹೋಗು. ಯಾರಾದರೂ ಕೇಳಿದರೆ ನಿನಗೆ ಕಾಯಿಲೆ ಅಂತೀನಿ.”

“ಬೇಡವ್ವಾ. ಕಲಿಯೋಕೆ ಹೋದಳು ಅನ್ನು.”

ಮರುದಿನದಿಂದ ಕಾಡಿಗಿ ಈಚಲು ಮರಕ್ಕೆ ಹೋದಳು. ಗಂಟಜ್ಜ ಪಾಠ ಹೇಳಲಿಲ್ಲ. ಎಳೆ ಕೊಟ್ಟ. “ಹಾಕು,” ಎಂದ. ಹಾಕಿದಳು. ಜಗ್ಗಿದ. ಬಿಚ್ಚಿತು. “ಹಾಕು.” ಹಾಕಿದಳು. ಬಿಚ್ಚಿತು. ಹತ್ತು ದಿನ ಇದೇ. ಕೊಕ್ಕಿನ ತುದಿ ಸೀಳಿತು. ಆಲದ ಮರದ ಕಡೆಯಿಂದ ಹನ್ನೊಂದು ಗೆಳತಿಯರ ‘ಏಳು ವಿಧ, ಸಾರ್’ ಕೇಳಿಸಿದಾಗ ಅವಳಿಗೆ ಅಳು ಬಂತು. ಹನ್ನೊಂದನೇ ದಿನ ಗಂಟಜ್ಜ ಜಗ್ಗಿದ. ಕಾಲು ಕೊಟ್ಟು ಜಗ್ಗಿದ. ಎಳೆ ಹರಿಯಿತು, ಗಂಟು ಬಿಚ್ಚಲಿಲ್ಲ.

ಗಂಟಜ್ಜ ತನ್ನ ಪಾಲಿನ ಮಿಡತೆಯಲ್ಲಿ ಅರ್ಧ ಮುರಿದು ಅವಳ ಮುಂದಿಟ್ಟ.

ಆಮೇಲೆ ಅವಳು ತನ್ನ ಗೂಡು ಶುರುಮಾಡಿದಳು. ಮುಂಗಾರಿನ ಗಾಳಿ ನೈರುತ್ಯದಿಂದ ಬರುತ್ತದೆ ಎಂದು ಗೂಬೆ ಮೇಷ್ಟ್ರು ಹೇಳಿದ್ದರು. ಆ ಕಡೆಗೆ ಎರಡು ಗಂಟು ಹೆಚ್ಚು ಹಾಕಿದಳು. ಅರ್ಧವಾದಾಗ ಗೀಜಗರ ಹೆಂಗಸರನ್ನು ಕರೆದಳು. ಅವರು ಮೂಗು ಮುರಿದರು, ಎರಡು ಸಲ ಕೀಳಿಸಿದರು. ಮೂರನೇ ಸಲ, “ನೋಡೋಕೆ ದರಿದ್ರವಾಗಿದೆ. ಆದರೆ ಬೀಳಲ್ಲ,” ಎಂದರು. ಕಾಡಿಗಿಗೆ ಅರಳಿ ಎಲೆಯೇ ಸಿಕ್ಕಷ್ಟು ಖುಷಿಯಾಯಿತು.

ರೋಹಿಣಿ ಮಳೆ ಬಂತು. ಅದಕ್ಕೂ ಮುಂಚೆ ಗಾಳಿ ಬಂತು. ಬೆಳಗಿನ ತರಗತಿ ನಡೆಯುತ್ತಿತ್ತು. ಗಾಳಿ ಬೀಸಿದ್ದೇ ಬೇವಿನ ತೋಪಿನಲ್ಲಿ ಆ ಹನ್ನೊಂದು ಗೆಳತಿಯರು ಕಟ್ಟಿದ್ದ ಹನ್ನೊಂದು ಗೂಡುಗಳೂ ಕುಲುಕಾಡಿದವು. ಕಾಗೆಗಳು ತರಗತಿ ಬಿಟ್ಟು ಚೀರುತ್ತಾ ಹಾರಿದವು. ಅವುಗಳಿಗಿಂತ ಮೊದಲು ಪಂಚಮಾಚಾರ್ಯ ಹಾರಿದ.

“ಅದನ್ನು ಕಟ್ಟಿ! ಇದನ್ನು ಕಟ್ಟಿ! ಬೇಗ!”

“ಹೇಗೆ ಕಟ್ಟೋದು, ಸಾರ್?”

“ಗಂಟು ಹಾಕಿ!”

“ಹೇಗೆ ಹಾಕೋದು, ಸಾರ್? ವಿಧ ಮಾತ್ರ ಹೇಳಿದ್ರಿ!”

ಪಂಚಮಾಚಾರ್ಯ ಒಂದು ಎಳೆ ಕಚ್ಚಿ ಕೊಂಬೆಗೆ ಸುತ್ತಿದ. ಅದು ಜಾರಿ ಬಿತ್ತು. ಅಷ್ಟರಲ್ಲಿ ಕಾಡಿಗಿ ಬಂದಳು, ಹಿಂದೆಯೇ ಗಂಟಜ್ಜ ಬಂದ. ಇಬ್ಬರೂ ನೈರುತ್ಯದ ಕೊನೆಯ ಗೂಡಿನಿಂದ ಬಿಗಿಯತೊಡಗಿದರು.

“ಅದನ್ನು ಬಿಡು! ಆ ಆರು ಗೂಡು ಮೊದಲು!” ಎಂದು ಪಂಚಮಾಚಾರ್ಯ ಕಿರುಚಿದ.

“ಹನ್ನೊಂದು ಗೂಡಿವೆ ಸಾರ್. ಆ ಆರೇ ಯಾಕೆ?”

“ಅದರಲ್ಲಿ ನನ್ನ ಮೊಟ್ಟೆಗಳಿವೆ ಕಣೇ!”

ಬಾಯಿಂದ ಬಿದ್ದ ಮಾತು. ಗಾಳಿಯಲ್ಲೂ ಎಲ್ಲರಿಗೂ ಕೇಳಿಸಿತು.

ಕಾಗೆಗಳು ಒಂದರ ಮುಖ ಒಂದು ನೋಡಿದವು. ಕಾಲೇಜಿನ ಬಾಗಿಲು ಯಾಕೆ ತೆರೆಯಿತು, ಬೆಳಗಿನ ಹಾಜರಿ ಯಾಕೆ ಕಡ್ಡಾಯವಾಯಿತು ಎಂದು ಈಗ ತಿಳಿಯಿತು. ಇವನು ಆಲದ ಮರದಲ್ಲಿ ಪಾಠ ಹೇಳುವಾಗ ಇವನ ಹೆಂಡತಿ ಇಲ್ಲಿ ಕಾವಲಿಲ್ಲದ ಗೂಡುಗಳಲ್ಲಿ ಮೊಟ್ಟೆಯಿಡುತ್ತಿದ್ದಳು. ಆ ಗೂಡುಗಳೋ ಇವನ ಪಾಠ ನಂಬಿ ಕಟ್ಟಿದವು. ತನ್ನ ಸುಳ್ಳಿನ ಮೇಲೆ ತನ್ನದೇ ಮಕ್ಕಳನ್ನು ಕೂರಿಸಿದ್ದ.

“ಇವನಿಗೆ ನಾನು ಹಣ್ಣು ಹೊತ್ತು ತಂದುಕೊಟ್ಟೆನಲ್ಲ!” ಎಂದು ಗದ್ದಲ ಕೇಳಿ ಬಂದಿದ್ದ ಬೂದವ್ವ ಕೊಕ್ಕು ಮಸೆದಳು.

“ಆಮೇಲೆ ಅವ್ವಾ. ಈಗ ಈ ಎಳೆ ಹಿಡಿ,” ಎಂದಳು ಕಾಡಿಗಿ. ಯಾರ ಮೊಟ್ಟೆ ಎಂದು ನೋಡದೆ ಸಾಲಾಗಿ ಬಿಗಿಯುತ್ತಾ ಹೋದಳು. ಕಟ್ಟುತ್ತಲೇ ಗೆಳತಿಯರಿಗೆ ತೋರಿಸಿದಳು. ಒಂದು ಗೂಡು ಮಾತ್ರ ಉಳಿಯಲಿಲ್ಲ. ಅದರ ಮೊಟ್ಟೆಗಳನ್ನು ಬೀಳುವ ಮುಂಚೆಯೇ ಎತ್ತಿ ಕಾಡಿಗಿಯ ಗೂಡಿಗೆ ಸೇರಿಸಿದರು. ಉಳಿದ ಹತ್ತು ನಿಂತವು.

ಮಳೆ ನಿಂತ ಮೇಲೆ ಕಾಗೆಗಳು ಪಂಚಮಾಚಾರ್ಯನನ್ನು ಸುತ್ತುವರಿದವು. ಕುಕ್ಕಲು ಹೊರಟವರನ್ನು ಕಾಡಿಗಿ ತಡೆದಳು. “ಸಾರ್, ಗೀಜಗರ ಪದ್ಧತಿ ಒಂದಿದೆ. ಅರ್ಧ ಗೂಡು ಕಟ್ಟಿ. ನಾವು ಜಗ್ಗಿ ನೋಡ್ತೀವಿ. ತಡೆದರೆ ನೀವೇ ಪ್ರಾಂಶುಪಾಲರು.”

ಅವನು ಒಂದು ಕಡ್ಡಿ ಎತ್ತಿದ. ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಡ್ಡಿ ಅಲ್ಲೇ ಬಿಟ್ಟು ಹಾರಿಹೋದ. ಅಂದಿನಿಂದ ಕೋಗಿಲೆ ಎಲೆಗಳ ಮರೆಯಲ್ಲೇ ಕೂತು ಹಾಡುತ್ತದೆ. ಮುಖ ತೋರಿಸಿದರೆ ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತವೆ.

ಕೋಗಿಲೆಯ ಮೊಟ್ಟೆಗಳನ್ನು ಏನು ಮಾಡುವುದು ಎಂಬ ಮಾತು ಬಂತು. “ಮೊಟ್ಟೆ ಯಾವ ಪಾಠ ಹೇಳಿತ್ತು? ಕಾವು ಕೊಡಿ,” ಎಂದಳು ಬೂದವ್ವ. ಕೊಟ್ಟರು.

ಕಾಲೇಜು ಮುಚ್ಚಲಿಲ್ಲ. ಯಾಕೆ ಮುಚ್ಚಬೇಕು? ಆಲದ ಮರ ಯಾರಪ್ಪನ ಸ್ವತ್ತೂ ಅಲ್ಲ. ಗೂಬೆ ಮೇಷ್ಟ್ರು ಸಂಜೆ ಪಾಠ ಹೇಳಿದರು. ಬೆಳಗ್ಗೆ ಇಬ್ಬನಿ ಆರುವವರೆಗೆ ಎಲ್ಲರಿಗೂ ಈಚಲು ಮರದಲ್ಲಿ ಕೆಲಸ. ಕಾಲೇಜಿನ ಮೊದಲ ಕೊಂಬೆಗೆ ಒಂದು ಅರೆಗೂಡು ತೂಗುಹಾಕಿದರು. ಕಲಿಸಲು ಬಂದವರು ಮೊದಲು ಅಂಥದ್ದೊಂದು ಕಟ್ಟಬೇಕು, ಕಲಿಯುವವರು ಜಗ್ಗಿ ನೋಡಬೇಕು.

ಕಾಡಿಗಿಯ ಮರಿಗಳು ಹೊರಬಂದ ದಿನ ಅವಳು ಒಂದು ಮಿಡತೆ ಹಿಡಿದು ಈಚಲು ಮರಕ್ಕೆ ಹೋದಳು. ಗಂಟಜ್ಜನ ಕೊಕ್ಕು ಪೂರ್ತಿ ಸವೆದಿತ್ತು. ಅವಳು ಮಿಡತೆಯನ್ನು ಸಣ್ಣಗೆ ಮುರಿದು ತಿನ್ನಿಸಿದಳು.

“ಅಜ್ಜ, ನಿನ್ನ ಋಣ ಹೇಗೆ ತೀರಿಸಲಿ?”

“ತೀರಿಸಬೇಡ. ನಿನ್ನ ಗೂಡಲ್ಲಿ ಒಂದು ಕೋಗಿಲೆ ಮರಿ ಇದೆಯಂತಲ್ಲ?”

“ಇದೆ.”

“ಅದಕ್ಕೂ ಗಂಟು ಹಾಕೋದು ಕಲಿಸು.”

ಮರುದಿನ ಬೆಳಗ್ಗೆ ಕಾಡಿಗಿ ಆ ಮರಿಯ ಮುಂದೆ ಒಂದು ಎಳೆ ಇಟ್ಟಳು. “ಹಾಕು,” ಎಂದಳು.

ನೀತಿ: ಕಾಲೇಜಾಗಲಿ ಕಸುಬಾಗಲಿ, ಕಲಿಸುವವರ ಮಾತು ಕೇಳಿ ಸೇರಬೇಡ, ಅವರು ಮಾಡಿದ ಕೆಲಸವನ್ನು ಜಗ್ಗಿ ನೋಡಿ ಸೇರು, ನಿಜವಾಗಿ ಕಲಿಸಿದವರನ್ನು ಸಾಯುವವರೆಗೂ ಮರೆಯಬೇಡ.