ನಡುಹೊಳೆಯಲ್ಲಿ ನಿಲ್ಲುವ ಎಂಜಿನ್

"ಗುರುಗಳೇ, ಕರುಣೆ ಎನ್ನುವುದು ಮನುಷ್ಯನಲ್ಲಿ ತೀರಿಹೋಗುವ ವಸ್ತುವೇ?" ಎಂದು ನೀಲಕಂಠ ಕೇಳಿದ.

ಅವನು ಮಠದ ಶುಶ್ರೂಷಾಲಯದಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಶಿಷ್ಯ. ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸದೆಯೇ, "ಯಾಕೆ, ನಿನ್ನದು ತೀರಿತೇ?" ಎಂದರು.

"ಹಾಗೆಯೇ ಕಾಣುತ್ತದೆ. ಬೆಳಿಗ್ಗೆ ಎದ್ದಾಗ ಮನಸ್ಸು ತುಂಬಿರುತ್ತದೆ. ಗಾಯ ತೊಳೆಯುತ್ತೇನೆ, ಗಂಜಿ ಕುಡಿಸುತ್ತೇನೆ, ಬೇಸರವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಏನೋ ಆಗಿಬಿಡುತ್ತದೆ. ಯಾರು ಕರೆದರೂ ಸಿಡುಕುತ್ತೇನೆ. ನಿನ್ನೆ ನೀರು ಕೇಳಿದ ಮುದುಕನ ಕೈಯನ್ನು ತಳ್ಳಿಬಿಟ್ಟೆ. ಸೇವೆಗೆ ನಿಂತ ದಿನದಿಂದ ಯಾರಿಂದಲೂ ಒಂದು ಲೋಟ ಮಜ್ಜಿಗೆಯನ್ನೂ ಪಡೆದವನಲ್ಲ ನಾನು. ಆದರೂ ಹೀಗೆ. ಒಳಗೆ ಏನೂ ಉಳಿದಿಲ್ಲವಾದರೆ ಹೇಳಿಬಿಡಿ, ನಾಳೆಯೇ ಊರಿಗೆ ಹೊರಡುತ್ತೇನೆ."

ಗುರುಗಳು ಒಂದು ಬೀಜವನ್ನು ಪಕ್ಕಕ್ಕೆ ಹಾಕಿ ಕತೆ ಶುರು ಮಾಡಿದರು.

ಹೊಳೆ ಸಮುದ್ರಕ್ಕೆ ಸೇರುವ ಕಡೆ ಒಬ್ಬ ಅಂಬಿಗನಿದ್ದ. ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸುವುದು ಅವನ ಕಸುಬು. ಅಪ್ಪನ ಕಾಲದಲ್ಲಿ ಹುಟ್ಟು ಹಾಕುತ್ತಿದ್ದರು. ಇವನು ದೋಣಿಯ ಹಿಂಬದಿಗೆ ಎಂಜಿನ್ ಕೂರಿಸಿದ. ಅದಕ್ಕೆ ಪೆಟ್ರೋಲಿನ ಟ್ಯಾಂಕ್ ಬೇರೆ. ಅದನ್ನು ದೋಣಿಯ ನಡುವೆ ಇಟ್ಟಿದ್ದ. ಟ್ಯಾಂಕಿನಿಂದ ಎಂಜಿನ್ನಿಗೆ ಒಂದು ಪೈಪು, ಪೈಪಿನ ನಡುವೆ ಪೆಟ್ರೋಲ್ ಎಳೆಯಲು ಕೈಯಿಂದ ಹಿಚುಕುವ ಒಂದು ಟೊಳ್ಳು ರಬ್ಬರ್ ಉಂಡೆ. ಅಷ್ಟೇ ಅವನ ಸಂಸಾರ.

ಒಂದು ಬೇಸಿಗೆಯಲ್ಲಿ ಎಂಜಿನ್ ಹಟ ಹಿಡಿಯಿತು. ದಡದಿಂದ ಹೊರಡುವಾಗ ಹುಲಿ. ನಡುಹೊಳೆಗೆ ಬಂದರೆ ಕೆಮ್ಮು, ಆಮೇಲೆ ಮೌನ. ಅಂಬಿಗ ಹುಟ್ಟು ಹಾಕಿ ಹೇಗೋ ದಡ ಸೇರುತ್ತಿದ್ದ. ಅಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಪೆಟ್ರೋಲ್ ಬೇಕಾದಷ್ಟು ಇರುತ್ತಿತ್ತು. ಮುಚ್ಚಳ ಹಾಕಿ, ಉಂಡೆ ಹಿಚುಕಿ, ಹಗ್ಗ ಎಳೆದರೆ ಎಂಜಿನ್ ಏನೂ ಆಗದವರ ಹಾಗೆ ಗುಡುಗುತ್ತಿತ್ತು. ಮತ್ತೆ ನಡುಹೊಳೆಗೆ ಹೋದರೆ ಮತ್ತೆ ಅದೇ ರಾಗ. ಅಂಬಿಗನಿಗೆ ಸಿಟ್ಟಿಗಿಂತ ಸೋಜಿಗ ಹೆಚ್ಚಾಯಿತು. ದಡದಲ್ಲಿ ಇಲ್ಲದ ಕಾಯಿಲೆ ನೀರಿನ ನಡುವೆ ಎಲ್ಲಿಂದ ಬರುತ್ತದೆ?

ಅವನು ಕೈಲಾಗುವವನು. ಕೈಲಾಗುವವರು ಮಾಡುವುದನ್ನೇ ಅವನೂ ಮಾಡಿದ, ಕಣ್ಣಿಗೆ ಕಂಡದ್ದನ್ನೆಲ್ಲ ಬಿಚ್ಚಿದ. ಪ್ಲಗ್ಗು ಉಜ್ಜಿದ. ಫಿಲ್ಟರ್ ತೊಳೆದ. ಪೈಪು ಬದಲಿಸಿದ. ಎಂಜಿನ್ ಪ್ರತಿಸಲವೂ ದಡದಲ್ಲಿ ಅವನನ್ನು ಮೆಚ್ಚಿಸಿ ನಡುಹೊಳೆಯಲ್ಲಿ ಮಾನ ಕಳೆಯಿತು.

ಒಂದು ದಿನ ಸಮುದ್ರ ಹಿಂದೆ ಸರಿಯುವ ಇಳಿತದ ಹೊತ್ತಿನಲ್ಲಿ ಎಂಜಿನ್ ನಿಂತಿತು. ಇಳಿತದಲ್ಲಿ ಹೊಳೆಯ ನೀರೆಲ್ಲ ಅಳಿವೆಯ ಬಾಯಿಗೆ ಓಡುತ್ತದೆ. ಅಲ್ಲಿ ಸಮುದ್ರದ ಅಲೆ ಎದ್ದು ಬೀಳುತ್ತಿರುತ್ತದೆ. ಹುಟ್ಟು ಹಾಕಿದರೂ ದೋಣಿ ಮಾತು ಕೇಳಲಿಲ್ಲ. ದೋಣಿಯಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರಿದ್ದರು, ಒಬ್ಬಳ ಮಡಿಲಲ್ಲಿ ಕೂಸು ಇತ್ತು. ಬಲೆಗೆ ಹೋಗಿದ್ದ ಯಾರೋ ಇವರನ್ನು ಕಂಡು ತಮ್ಮ ದೋಣಿಯಿಂದ ಹಗ್ಗ ಎಸೆಯದಿದ್ದರೆ ಅವತ್ತಿಗೆ ಕತೆ ಮುಗಿಯುತ್ತಿತ್ತು. ದಡದಲ್ಲಿ ಅಂಬಿಗ ಯಾರ ಮುಖವನ್ನೂ ನೋಡಲಾರದೆ ಬೆನ್ನು ತಿರುಗಿಸಿ ನಿಂತ. ಇನ್ನು ಇದರ ಗುಟ್ಟು ಸಿಗುವ ತನಕ ಒಂದು ಜೀವವನ್ನೂ ಹತ್ತಿಸುವುದಿಲ್ಲ, ಸಿಗದಿದ್ದರೆ ದೋಣಿಯನ್ನೇ ಮಾರುತ್ತೇನೆ ಎಂದು ನಿಶ್ಚಯಿಸಿದ.

ಮೆಕ್ಯಾನಿಕ್‌ನನ್ನು ಕರೆಸಿದ. ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಹಾಕಿದ. ಎಂಜಿನ್ನಿನ ಹತ್ತಿರ ಪೈಪಿಗೆ ಮೀಟರ್ ಸಿಕ್ಕಿಸಿ ಓಡಿಸಿದ. ಪೆಟ್ರೋಲಿನ ಒತ್ತಡ ಎಷ್ಟಿರಬೇಕೋ ಅಷ್ಟೇ ಇತ್ತು.

"ಪೆಟ್ರೋಲ್ ಎಳೆಯುವ ಪಂಪನ್ನೇ ಹೊಸದು ಹಾಕು ಮಾರಾಯ, ನನಗೆ ಇದು ಸಾಕಾಯಿತು," ಎಂದ ಅಂಬಿಗ.

"ಹಾಕಬಹುದು. ಆದರೆ ಎಂಜಿನ್ ಇಲ್ಲಿ ಸಾಯುವುದಿಲ್ಲವಲ್ಲ, ಇಲ್ಲಿ ನೋಡಿ ಎಂತ ಪ್ರಯೋಜನ? ಸಾಯುವಲ್ಲಿಗೆ ಹೋಗಿ ನೋಡು. ಎಂಜಿನ್ ನೋಡಬೇಡ, ಈ ಉಂಡೆ ನೋಡು. ನಿಂತಾಗ ಉಂಡೆ ಗಟ್ಟಿ ಇದ್ದರೆ ತೊಂದರೆ ಎಂಜಿನ್ ಕಡೆ. ಚಪ್ಪಟೆ ಆದರೆ ಟ್ಯಾಂಕಿನ ಕಡೆ," ಎಂದ ಮೆಕ್ಯಾನಿಕ್.

ಮರುದಿನ ಹೊಳೆಯ ಸೆಳೆತ ನಿಂತ ಹೊತ್ತು ನೋಡಿ ಅಂಬಿಗ ಒಬ್ಬನೇ ಹೊರಟ. ಒಂದು ಕೈ ಎಂಜಿನ್ ಮೇಲೆ, ಕಣ್ಣು ಉಂಡೆಯ ಮೇಲೆ. ಇಷ್ಟು ದಿನ ಎಂಜಿನ್ ನಿಲ್ಲದಿರಲಿ ಎಂದು ಹರಕೆ ಹೊತ್ತವನು ಈಗ ನಿಲ್ಲಲಿ, ನಿಲ್ಲಲಿ ಎಂದು ಕಾದ. ನಡುಹೊಳೆ ಬಂತು. ಉಂಡೆಯ ಹೊಟ್ಟೆ ಮೆಲ್ಲಗೆ ಒಳಗೆ ಹೋಯಿತು, ಇನ್ನೂ ಹೋಯಿತು, ಚೀಪಿ ಬಿಟ್ಟ ಮಾವಿನ ಹಣ್ಣಿನ ಹಾಗೆ ಚಪ್ಪಟೆಯಾಯಿತು. ಎಂಜಿನ್ ಕೆಮ್ಮಿ ನಿಂತಿತು. ಅಂಬಿಗನಿಗೆ ಖುಷಿಯಾಯಿತು.

ಉಂಡೆಯಿಂದ ಪೈಪು ಹಿಡಿದು ಕೈ ಸವರುತ್ತ ಟ್ಯಾಂಕಿನ ಕಡೆ ಹೋದ. ಪೈಪು ಎಲ್ಲೂ ಮಡಚಿರಲಿಲ್ಲ, ಕಸ ಕಟ್ಟಿರಲಿಲ್ಲ. ಟ್ಯಾಂಕನ್ನು ಮುಟ್ಟಿದ. ಅದರ ಪಕ್ಕೆ ಒಳಗೆ ಎಳೆದುಕೊಂಡಿತ್ತು. ಒಳಗೆ ಪೆಟ್ರೋಲ್ ಕುಲುಕುತ್ತಿತ್ತು. ಇದೆ, ಆದರೆ ಹೊರಡುತ್ತಿಲ್ಲ. ಕೈ ಕೊನೆಗೆ ಮುಚ್ಚಳದ ಮೇಲೆ ಬಂತು. ಮುಚ್ಚಳದ ನೆತ್ತಿಯಲ್ಲಿ ಗಾಳಿ ಒಳಗೆ ಹೋಗಲೆಂದು ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಯಾರೋ ಬಲವಾಗಿ ಬಿಗಿದಿದ್ದರು.

ಆ ಯಾರೋ ತಾನೇ ಎಂದು ಅಂಬಿಗನಿಗೆ ನೆನಪಾಯಿತು. ಬೇಸಿಗೆಯ ಮೊದಲಲ್ಲಿ ಮೀನಿನ ಹೆಂಗಸರು ಗೊಣಗಿದ್ದರು. ಟ್ಯಾಂಕಿನ ಪಕ್ಕ ಬುಟ್ಟಿ ಇಟ್ಟರೆ ಮೀನಿಗೆ ಪೆಟ್ರೋಲ್ ವಾಸನೆ ಹತ್ತುತ್ತದೆ, ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂದಿದ್ದರು. ಅವನು ಪಾಪ, ಅವರಿಗೆ ತೊಂದರೆ ಬೇಡ ಎಂದು ತಿರುಪು ಬಿಗಿದು, ದೋಣಿಯಲ್ಲಿ ಜನ ಇರುವಾಗ ಮುಚ್ಚಳವನ್ನೇ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದಾದರೂ ಹೇಗೆ? ದಡಕ್ಕೆ ಬಂದು ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕು ಒಂದು ಉಸಿರು ಎಳೆದುಕೊಳ್ಳುತ್ತಿತ್ತು. ಆ ಉಸಿರು ನಡುಹೊಳೆಯ ತನಕ ಬರುತ್ತಿತ್ತು. ತನ್ನ ಕೈಯೇ ಕಾಯಿಲೆ, ತನ್ನ ಕೈಯೇ ಮದ್ದು. ಬಗ್ಗಿ ನೋಡಿದ ಅವನಿಗೆ ಮಾತ್ರ ಅದು ಕಂಡಿರಲಿಲ್ಲ.

ತಿರುಪು ಸಡಿಲಿಸಿದ. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಉಂಡೆಯ ಹೊಟ್ಟೆ ತುಂಬಿತು. ಒಂದೇ ಎಳೆತಕ್ಕೆ ಎಂಜಿನ್ ಎದ್ದಿತು. ನಡುಹೊಳೆಯಲ್ಲಿ ಒಬ್ಬನೇ ಕೂತು ಅಂಬಿಗ ಗಟ್ಟಿಯಾಗಿ ನಕ್ಕ.

ದಡದಲ್ಲಿ ಮೀನಿನ ಹೆಂಗಸರು ಕಾಯುತ್ತಿದ್ದರು. ಅಂಬಿಗ ನಡೆದದ್ದನ್ನೆಲ್ಲ ಹೇಳಿ, ತಲೆ ಕೆರೆಯುತ್ತ, "ತಿರುಪು ಬಿಟ್ಟರೆ ನಿಮ್ಮ ಮೀನಿಗೆ ವಾಸನೆ ಹತ್ತುತ್ತದೆ. ಎಂತ ಮಾಡುವುದೋ ತಿಳಿಯುವುದಿಲ್ಲ," ಎಂದ.

ಅವರಲ್ಲಿ ಹಿರಿಯಳು ಬುಟ್ಟಿ ಎತ್ತಿಕೊಂಡು ದೋಣಿಯ ಮೂತಿಗೆ ನಡೆದಳು. "ನಾವು ಬುಟ್ಟಿ ಇಲ್ಲಿ ಇಟ್ಟುಕೊಳ್ಳುತ್ತಿದ್ದೆವಪ್ಪ. ಇಷ್ಟಕ್ಕೆ ನಮ್ಮನ್ನೆಲ್ಲ ಅಳಿವೆ ತನಕ ಕರೆದುಕೊಂಡು ಹೋಗಿದ್ದೆಯಾ? ಒಂದು ಮಾತು ಕೇಳಿದ್ದರೆ ನಿನ್ನ ಗಂಟು ಹೋಗುತ್ತಿತ್ತಾ?" ಎಂದಳು.

ಗುರುಗಳು ಕತೆ ಮುಗಿಸಿ ಹುಣಸೆಹಣ್ಣನ್ನು ಭರಣಿಗೆ ತುಂಬಿದರು. ನೀಲಕಂಠನ ಮುಖ ಸ್ವಲ್ಪ ತಿಳಿಯಾಗಿತ್ತು.

"ಹಾಗಾದರೆ ಟ್ಯಾಂಕು ಖಾಲಿಯಾಗಿರಲಿಲ್ಲ. ನನ್ನಲ್ಲೂ ಇನ್ನೂ ಇದೆ ಎನ್ನುತ್ತೀರಿ. ಆದರೆ ನಾನು ಬಿಗಿದ ತಿರುಪು ಎಲ್ಲಿದೆ, ಗುರುಗಳೇ? ನಾನು ಏನನ್ನೂ ಮುಚ್ಚಿಟ್ಟವನಲ್ಲ, ಇದ್ದದ್ದನ್ನೆಲ್ಲ ಕೊಟ್ಟವನು," ಎಂದ.

ಗುರುಗಳು ಕೈ ತೊಳೆದು, ಒರೆಸಿಕೊಂಡು, ಅವನ ಕಡೆ ತಿರುಗಿದರು.

"ನಿನ್ನೆ ಆ ಮುದುಕನ ಹೆಂಡತಿ ನಿನಗೆಂದು ಎಳನೀರು ತಂದಳಲ್ಲ, ಅದನ್ನು ಯಾಕೆ ವಾಪಸು ಕಳಿಸಿದೆ?"