ಬಿಸ್ಕತ್ತು ಡಬ್ಬಿಯ ತಗಡು

"ಬುದ್ಧಿ, ಹಿರಿಯ ಸ್ವಾಮಿಗಳ ಕೋಣೆಯನ್ನು ಯಾವ ಕಾಲದ್ದಾಗಿ ತೋರಿಸಬೇಕು?" ಎಂದು ಸಾಂಬಯ್ಯ ಮಠದ ಈಗಿನ ಗುರುಗಳನ್ನು ಕೇಳಿದ.

ಹಿರಿಯ ಸ್ವಾಮಿಗಳು ಲಿಂಗೈಕ್ಯರಾಗಿ ವರ್ಷವಾಗುತ್ತ ಬಂದಿತ್ತು. ಅವರ ಕೋಣೆಯನ್ನು ಭಕ್ತರ ದರ್ಶನಕ್ಕೆ ಅಣಿಗೊಳಿಸುವ ಹೊಣೆ ಶಿಷ್ಯ ಸಾಂಬಯ್ಯನ ಹೆಗಲಿಗೆ ಬಿದ್ದಿತ್ತು. ಸ್ವಾಮಿಗಳು ತಪಸ್ಸಿಗೆ ಕುಳಿತ ದಿನಗಳಲ್ಲಿ ಅಲ್ಲಿ ಒಂದು ಚಾಪೆ ಮಾತ್ರ ಇತ್ತಂತೆ. ನಡುವಯಸ್ಸಿನಲ್ಲಿ ಕೋಣೆಯ ತುಂಬ ಪುಸ್ತಕಗಳಿದ್ದವು. ಕೊನೆಗಾಲದಲ್ಲಿ ಮಂಚ ಬಂತು, ಔಷಧಿಯ ಸೀಸೆಗಳು ಬಂದವು. ಒಬ್ಬ ಭಕ್ತ ಚಾಪೆ ಹಾಸಿ ಎಂದರೆ ಇನ್ನೊಬ್ಬ ಮಂಚ ಇಡಿ ಎನ್ನುತ್ತಿದ್ದ. ಸಾಂಬಯ್ಯನಿಗೆ ತಲೆ ಕೆಟ್ಟುಹೋಗಿತ್ತು.

"ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಗೋಡೆ ಕೆರೆದು ಸುಣ್ಣ ಹೊಡೆದದ್ದು ಬಿಟ್ಟರೆ ಬೇರೆ ಏನೂ ಆಗಿಲ್ಲ" ಎಂದ.

ಗುರುಗಳು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದರೂ ಒಂದು ವಿಮಾನದ ಕತೆಯನ್ನೇ ಹೇಳಿದರು.

ಒಂದು ವಸ್ತುಸಂಗ್ರಹಾಲಯಕ್ಕೆ ಹಳೆಯದೊಂದು ಯುದ್ಧವಿಮಾನ ಬಂತು. ಎಷ್ಟೋ ವರ್ಷ ಒಂದು ಉದ್ಯಾನದಲ್ಲಿ ಮಳೆಬಿಸಿಲಿಗೆ ನಿಂತಿದ್ದದ್ದು ಅದು. ಅದನ್ನು ಒಬ್ಬ ಬಣ್ಣಗಾರನಿಗೆ ಒಪ್ಪಿಸಿದರು. ಯುದ್ಧದಲ್ಲಿ ಹೇಗಿತ್ತೋ ಹಾಗೇ ಕಾಣಬೇಕು ಎಂದರು. ಬಣ್ಣಗಾರ ಕೆಲಸಗಳ್ಳನಲ್ಲ. ಸುಳ್ಳು ಬಣ್ಣ ಬಳಿದರೆ ಅನ್ನ ಮೈಗೆ ಹತ್ತದು ಎನ್ನುವ ಜಾತಿಯವನು.

ಅವನು ರೆಕ್ಕೆಯ ಮೇಲೆ ರೂಪಾಯಿಯಗಲ ಜಾಗವನ್ನು ನೀರು ಹಾಕಿ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿದ. ಒಂದರೊಳಗೊಂದು ಬಳೆಗಳಂತೆ ಬಣ್ಣಗಳು ಎದ್ದವು. ಹೊರಗಿನ ನೀಲಿ ಉದ್ಯಾನದವರದು. ಅದರೊಳಗಿನ ಹಳದಿ, ಹೊಸಬರಿಗೆ ಹಾರುವುದನ್ನು ಕಲಿಸುತ್ತಿದ್ದ ಕಾಲದ್ದು. ಆಮೇಲೆ ಬೆಳ್ಳಿ. ಎಲ್ಲಕ್ಕಿಂತ ಒಳಗೆ ಹಸಿರು. ಸಿಕ್ಕಿತು ಎಂದುಕೊಂಡ ಬಣ್ಣಗಾರ. ಕಾಗದಪತ್ರ ತೆಗೆಸಿ ನೋಡಿದರೆ ಬೆಳ್ಳಿಯೂ ಯುದ್ಧಕಾಲದ್ದೇ. ಮೊದಲು ಹಸಿರು ಬಳಿದುಕೊಂಡು ಹೋರಾಡಿದ ವಿಮಾನ ಕೊನೆಯ ತಿಂಗಳುಗಳಲ್ಲಿ ಬೆಳ್ಳಿ ಬಳಿದುಕೊಂಡು ಹೋರಾಡಿತ್ತು.

ಅಲ್ಲಿಂದ ಅವನ ಗ್ರಹಚಾರ ಕೆಟ್ಟಿತು. ಸಂಗ್ರಹಾಲಯದ ಅಧಿಕಾರಿ ಹಸಿರು ಎಂದ. ಯುದ್ಧದ ಚರಿತ್ರೆ ಓದಿಕೊಂಡವನೊಬ್ಬ ಬೆಳ್ಳಿ ಎಂದ. ಮೂರನೆಯವನು ಸಾಕ್ಷಿಗೆಂದು ಒಂದು ಹಳೆಯ ಫೋಟೋ ತಂದ. ಅದರಲ್ಲಿ ವಿಮಾನವೂ ಬೂದಿ, ಆಕಾಶವೂ ಬೂದಿ. ಬಣ್ಣಗಾರ ಹನ್ನೆರಡು ಹಲಗೆಗಳಿಗೆ ಹನ್ನೆರಡು ಬಗೆಯ ಹಸಿರು ಬಳಿದು ಬಿಸಿಲಿಗಿಟ್ಟ. ಬೆಳಿಗ್ಗೆ ಸರಿ ಎನಿಸಿದ್ದು ಮಧ್ಯಾಹ್ನಕ್ಕೆ ತಪ್ಪೆನಿಸುತ್ತಿತ್ತು. ಮನೆಯಲ್ಲಿ ಹೆಂಡತಿ ಸೊಪ್ಪು ಬಿಡಿಸುತ್ತಿದ್ದರೆ ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಕೆ ಸೊಪ್ಪಿನ ಸಾರು ಮಾಡುವುದನ್ನೇ ಬಿಟ್ಟಳು.

ಈ ನಡುವೆ ಚಾಲಕನ ಆಸನದ ಕೆಳಗೆ, ಎಡಮಗ್ಗುಲ ಹೊರಮೈಯಲ್ಲಿ, ಅಂಗೈಯಗಲದ ಒಂದು ತಗಡು ಅವನ ಕಣ್ಣಿಗೆ ಬಿತ್ತು. ಯಾರೋ ಸೊಟ್ಟಗೆ ಹೊಡೆದ ತೇಪೆ. ಅದನ್ನೂ ಉಜ್ಜಿ ನೋಡಿದ. ಎಲ್ಲಕ್ಕಿಂತ ಒಳಗೆ ಮಣ್ಣುಬಣ್ಣವಿತ್ತು. ಆ ಬಣ್ಣ ರೆಕ್ಕೆಯ ಯಾವ ಬಳೆಗೂ ಹೊಂದಲಿಲ್ಲ. ನಕ್ಷೆಯಲ್ಲಿಯೂ ಅಂಥ ತಗಡಿರಲಿಲ್ಲ. ಇದು ಯುದ್ಧಕ್ಕೆ ಸೇರಿದ್ದಲ್ಲ ಎಂದು ತೀರ್ಮಾನಿಸಿ ಕಿತ್ತು ಗುಜರಿಗೆ ಹಾಕಿದ. ಅಲ್ಲಿ ಹೊಸ ಹಾಳೆ ಕೂರಿಸಿ ನುಣ್ಣಗೆ ಮಾಡಿದ. ಆ ಎರಡು ತಿಂಗಳಲ್ಲಿ ಗೊಂದಲವಿಲ್ಲದೆ ಅವನು ಮಾಡಿದ ಕೆಲಸ ಅದೊಂದೇ.

ಬಣ್ಣ ಮಾತ್ರ ತೀರ್ಮಾನವಾಗಲಿಲ್ಲ. ಕೊನೆಗೆ, ಯುದ್ಧದಲ್ಲಿ ಆ ವಿಮಾನವನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬ ಇನ್ನೂ ಬದುಕಿದ್ದಾನೆಂದು ಪತ್ತೆಹಚ್ಚಿದರು. ಅವನು ಹೇಳಿದ ಬಣ್ಣವೇ ಬಣ್ಣ ಎಂದು ಎಲ್ಲರೂ ಒಪ್ಪಿದರು. ಮುದುಕ ಬಂದ. ಬಂದವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಮುದುಕ ಬಣ್ಣದ ಮಾತೆತ್ತಲಿಲ್ಲ. ವಿಮಾನದ ಮೈ ಸವರಿಕೊಂಡು ಎಡಮಗ್ಗುಲಿಗೆ ಹೋದ. ಆಸನದ ಕೆಳಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ. ಕಿವಿಗೊಟ್ಟ. ಸ್ವಲ್ಪ ಆಚೆ ತಟ್ಟಿದ. ಈಚೆ ತಟ್ಟಿದ. ಎಲ್ಲ ಕಡೆ ಒಂದೇ ಸದ್ದು.

"ಇದು ಆ ವಿಮಾನ ಅಲ್ಲಪ್ಪ" ಎಂದ.

"ನಂಬರು ಅದೇ ಇದೆಯಲ್ಲ ಅಜ್ಜ" ಎಂದ ಬಣ್ಣಗಾರ.

"ಇಲ್ಲೊಂದು ತಗಡಿತ್ತು. ಗುಂಡು ಬಿದ್ದು ತೂತಾಗಿತ್ತು, ಬಿಸ್ಕತ್ತು ಡಬ್ಬಿ ಕತ್ತರಿಸಿ ನಾನೇ ಹೊಡೆದಿದ್ದೆ. ಬಣ್ಣ ಮುಗಿದುಹೋಗಿತ್ತು, ಲಾರಿಗೆ ಬಳಿಯೋದನ್ನೇ ಬಳಿದೆ. ಇದನ್ನ ಹಾರಿಸ್ತಿದ್ದ ನಮ್ಮ ಸಾಹೇಬರು ಹತ್ತೋ ಮುಂಚೆ ದಿನಾ ಅದನ್ನ ಎರಡು ಸಲ ತಟ್ಟೋರು, ಬರ್ತೀನಿ ಅನ್ನೋ ಹಾಗೆ. ಒಂದು ದಿನ ಇದರ ಇಂಜಿನ್ ಬಿಚ್ಚಿಟ್ಟಿದ್ದೆ. ಅವರು ಬೇರೆ ವಿಮಾನ ಹತ್ತಿದ್ರು. ವಾಪಸ್ ಬರಲಿಲ್ಲ. ಆ ತಗಡನ್ನ ಒಂದು ಸಲ ತಟ್ಟಿ ಹೋಗೋಣ ಅಂತ ಬಂದೆ."

ಬಣ್ಣಗಾರ ಗುಜರಿಗೆ ಓಡಿದ. ಕೈ ಕೊಯ್ದುಕೊಂಡು ರಾಶಿಯನ್ನೆಲ್ಲ ಕೆದಕಿದ. ಗುಜರಿಯವನು ಹಿಂದಿನ ವಾರವೇ ಲೋಡು ಕಳಿಸಿಬಿಟ್ಟಿದ್ದ. ಬರಿಗೈಯಲ್ಲಿ ಬಂದು, ಎರಡು ತಿಂಗಳಿಂದ ಬಾಯಲ್ಲಿದ್ದದ್ದನ್ನೇ ಕೇಳಿದ.

"ಅಜ್ಜ, ಹಸಿರು ಬಳಿಯಲೋ ಬೆಳ್ಳಿ ಬಳಿಯಲೋ?"

"ನಿನಗೆ ಚಂದ ಕಂಡದ್ದು ಬಳಿ ಮಗ. ಹೊಸ ವಿಮಾನಕ್ಕೆ ಯಾವುದಾದರೇನು" ಎಂದ ಮುದುಕ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ತೋಳು ಹಿಡಿದುಕೊಂಡು ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಸಾಂಬಯ್ಯ ಮತ್ತಷ್ಟು ಗಲಿಬಿಲಿಗೊಂಡ. ಬಣ್ಣಗಾರನ ಮೇಲೆ ಅವನಿಗೆ ಮರುಕ ಬಂತು, ಸಿಟ್ಟೂ ಬಂತು.

"ಕಿತ್ತು ಹಾಕುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೆ ಅವನು?" ಎಂದ. "ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ ಬುದ್ಧಿ. ಕೋಣೆ ಯಾವ ಕಾಲದ್ದಾಗಿರಬೇಕು?" ಎಂದು ಕೇಳಿದ.

ಗುರುಗಳು ಸಾಂಬಯ್ಯನ ಉಗುರುಗಳಲ್ಲಿ ಅಂಟಿದ್ದ ಸುಣ್ಣವನ್ನು ನೋಡಿದರು.

"ಹಿರಿಯರು ನಲವತ್ತು ವರ್ಷ ತಲೆಯೊರಗಿಸಿ ಕುಳಿತ ಜಾಗದಲ್ಲಿ ಗೋಡೆಗೆ ಎಣ್ಣೆಯ ಕಲೆಯಿತ್ತಲ್ಲ, ಅದು ಯಾವ ಕಾಲದ್ದು ಸಾಂಬಯ್ಯ?"