ಡಬ್ಬಿಯೊಳಗಿನ ಹಾಡು

ಪದ್ಮರಾಜ ಹಳೆಯ ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹೆಡ್‌ಫೋನಿನ ದನಿ ಹೆಚ್ಚಿಸುವ ಆಂಪ್ಲಿಫೈಯರೊಂದನ್ನು ಜೋಡಿಸಿದ. ಹಾಡು ಕೇಳಿ ಮುಗಿದ ಮೇಲೆ ಸ್ವಿಚ್ ಆರಿಸುವುದನ್ನು ಮರೆತು ಎದ್ದುಹೋದ.

ಮುಚ್ಚಿದ ಡಬ್ಬಿಯಲ್ಲಿ ಸಣ್ಣದೊಂದು ದನಿ ಎದ್ದಿತು.

“ಯಾರೋ ಹಾಡುತ್ತಿದ್ದಾರೆ!” ಎಂದು ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿತು.

“ಅದು ಹಾಡಲ್ಲ, ನನ್ನ ನರಳಾಟ,” ಎಂದಿತು ಪಕ್ಕದಲ್ಲಿದ್ದ ಬ್ಯಾಟರಿ. “ನೀನು ದೊಡ್ಡದು ಮಾಡಿದಷ್ಟೂ ನನ್ನ ಜೀವ ಹೋಗುತ್ತಿದೆ. ದಯವಿಟ್ಟು ನಿಲ್ಲಿಸು.”

“ಎಷ್ಟು ಇಂಪಾಗಿದೆ! ಇನ್ನೂ ಸ್ವಲ್ಪ ನರಳು.”

ದನಿ ಒಡೆಯಿತು, ಕ್ಷೀಣಿಸಿತು, ನಿಂತೇಹೋಯಿತು.

ಮರುದಿನ ಪದ್ಮರಾಜ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ನೋಡಿದ. ಚುರ್ ಎನ್ನಲಿಲ್ಲ. “ಥತ್, ಸತ್ತೇಹೋಗಿದೆ,” ಎಂದು ಅದನ್ನು ಎಸೆದು, ಹೊಸದನ್ನು ಸಿಕ್ಕಿಸಿ, ಡಬ್ಬಿ ಮುಚ್ಚಿದ.

ಕತ್ತಲಲ್ಲಿ ಆಂಪ್ಲಿಫೈಯರ್ ಹೊಸ ಬ್ಯಾಟರಿಯನ್ನು ಮೆಲ್ಲಗೆ ಕೇಳಿತು: “ನಿನಗೂ ಹಾಡಲು ಬರುತ್ತದೆಯೇ?”